ಕೋಚ್ ಹೋದ ಮೇಲೆ ತಂಡ ಯಾರದು?

ಇವತ್ತು ಅಮೆರಿಕದ ಒಂದು ವಿಷಯ. ಚುನಾವಣೆ ಅಲ್ಲ, ವೀಸಾ ಅಲ್ಲ. ಕಾಲೇಜು ಹುಡುಗಿಯರ ಫುಟ್‌ಬಾಲ್. ಅಲ್ಲಿನವರು ಇದಕ್ಕೆ ಸಾಕರ್ ಅಂತಾರೆ. "ನಮಗೂ ಅದಕ್ಕೂ ಏನ್ರೀ ಸಂಬಂಧ" ಅಂತ ರಿಮೋಟ್ ಕೈಗೆ ತಗೋಬೇಡಿ. ಹತ್ತು ನಿಮಿಷ ಕೊಡಿ ಸಾಕು.

2024ರ ಆಗಸ್ಟ್ 11. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ಕೋಚ್ ಆನ್ಸನ್ ಡೊರಾನ್ಸ್ ನಿವೃತ್ತಿ ಘೋಷಿಸಿದರು. ಈ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ ಲೆಕ್ಕ ನೋಡಿ. 1979ರಲ್ಲಿ ಆ ತಂಡ ಶುರುವಾದಾಗ ಕೋಚ್ ಅವರೇ. 2024ರಲ್ಲೂ ಅವರೇ. 45 ವರ್ಷ ಒಂದೇ ಕುರ್ಚಿ, ಒಬ್ಬರೇ ಮನುಷ್ಯ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಪ್ರಶಸ್ತಿ 21 ಸಲ. ಮಿಯಾ ಹ್ಯಾಮ್ ಬೆಳೆದಿದ್ದು ಅಲ್ಲೇ, ಕ್ರಿಸ್ಟೀನ್ ಲಿಲ್ಲಿ ಬೆಳೆದಿದ್ದೂ ಅಲ್ಲೇ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಕೋಚ್ ಕೂಡ ಇದೇ ಡೊರಾನ್ಸ್.

ಇಂಥ ಮನುಷ್ಯ ಹೊರಟು ನಿಂತಾಗ ಸೀಸನ್ ಶುರುವಾಗೋಕೆ ಒಂದು ವಾರವೂ ಉಳಿದಿರಲಿಲ್ಲ. ನಮ್ಮಲ್ಲಿ ಹೀಗಾಗಿದ್ರೆ ಏನಂತಿದ್ವಿ? "ಮುಗೀತು, ಈ ವರ್ಷ ತಂಡದ ಕಥೆ ಮುಗೀತು" ಅಂತಿದ್ವಿ. ಆಗಿದ್ದೇನು? ಪಕ್ಕದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದ ಸಹಾಯಕ ಡೇಮನ್ ನಹಾಸ್ ಹಂಗಾಮಿ ಕೋಚ್ ಆದರು. ಡಿಸೆಂಬರ್ 9ರಂದು ಕೇರಿ ಪಟ್ಟಣದಲ್ಲಿ ಫೈನಲ್. ವೇಕ್ ಫಾರೆಸ್ಟ್ ವಿರುದ್ಧ 1-0. ನಾರ್ತ್ ಕೆರೊಲಿನಾಗೆ 22ನೇ ಎನ್‌ಸಿಎಎ ಪ್ರಶಸ್ತಿ. ಆಮೇಲೆ ನಹಾಸ್ ಹೆಸರಿನ ಮುಂದಿದ್ದ 'ಹಂಗಾಮಿ' ಅನ್ನೋ ಪದ ಹೋಯ್ತು.

ಅಂದ ಹಾಗೆ, ಈ ಕೇರಿ ಮತ್ತು ಪಕ್ಕದ ರಾಲಿ ಸುತ್ತಮುತ್ತ ನಮ್ಮ ಕನ್ನಡದ ಎಂಜಿನಿಯರ್‌ಗಳ ಮನೆಗಳು ಬೇಕಾದಷ್ಟಿವೆ. ಅವರ ಹೆಣ್ಣುಮಕ್ಕಳು ಶನಿವಾರ ಬೆಳಗ್ಗೆ ಶೂ ಕಟ್ಟಿಕೊಂಡು ಹೋಗೋದು ಇದೇ ಆಟಕ್ಕೆ. ಹಾಗಾಗಿ ಇದು ಪೂರ್ತಿ ಪರಊರಿನ ಕಥೆ ಏನಲ್ಲ.

ಸರಿ, ಹಾಗಾದ್ರೆ 45 ವರ್ಷ ದುಡಿದ ಕೋಚ್‌ಗೆ ಬೆಲೆನೇ ಇಲ್ವಾ? ಅವರು ಹೋದ ವರ್ಷವೇ ತಂಡ ಗೆಲ್ಲುತ್ತೆ ಅಂದ್ರೆ ಅರ್ಥ ಏನು? ಆತುರ ಬೇಡ. ಇನ್ನೆರಡು ಉದಾಹರಣೆ ನೋಡೋಣ.

2021ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಕೋಚ್ ಅಮಾಂಡಾ ಕ್ರಾಮ್‌ವೆಲ್ ವೃತ್ತಿಪರ ಕ್ಲಬ್ ಸೇರಿಕೊಂಡರು. ಅವರ ಜಾಗಕ್ಕೆ ಬಂದವರು ಮಾರ್ಗರೀಟ್ ಆಯೊಜಾಸಾ. ಎದುರಾಳಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಹಾಯಕಿಯಾಗಿದ್ದವರು. ಮೊದಲ ಸೀಸನ್, 2022ರ ಫೈನಲ್. ಎದುರಿಗೆ ಇದೇ ಡೊರಾನ್ಸ್ ತಂಡ. ಕೊನೆಯ ಹತ್ತು ನಿಮಿಷ ಬಾಕಿ ಇರುವಾಗ ಯುಸಿಎಲ್‌ಎ 0-2ರಲ್ಲಿ ಹಿಂದೆ. ಒಂದು ಗೋಲು ಬಂತು. ಎರಡನೆಯದು ಬಂದಿದ್ದು ಗಡಿಯಾರದಲ್ಲಿ ಕೇವಲ 16 ಸೆಕೆಂಡ್ ಉಳಿದಿದ್ದಾಗ! ಹೆಚ್ಚುವರಿ ಸಮಯದಲ್ಲಿ ಮೂರನೆಯದು. 3-2. ಮೊದಲ ವರ್ಷದ ಕೋಚ್ ಕೈಯಲ್ಲಿ ಕಪ್.

2022ರ ಮಾರ್ಚ್. ಫ್ಲೋರಿಡಾ ಸ್ಟೇಟ್ ಕೋಚ್ ಮಾರ್ಕ್ ಕ್ರಿಕೋರಿಯನ್ ರಾಜೀನಾಮೆ ಕೊಟ್ಟರು. ಕಪ್ ಗೆದ್ದು ಮೂರೇ ತಿಂಗಳಾಗಿತ್ತು! ಟೆನೆಸಿಯಿಂದ ಬ್ರಯಾನ್ ಪೆನ್ಸ್ಕಿಯನ್ನ ಕರೆತಂದರು. ಎರಡನೇ ವರ್ಷ, ಅಂದ್ರೆ 2023ರಲ್ಲಿ, 23 ಪಂದ್ಯ, 22 ಗೆಲುವು, ಒಂದು ಡ್ರಾ, ಸೋಲು ಸೊನ್ನೆ. ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 5-1.

ಈಗ ಮೂರನ್ನೂ ಪಕ್ಕಪಕ್ಕ ಇಡಿ. 2022, 2023, 2024. ಸತತ ಮೂರು ವರ್ಷ, ಕಪ್ ಗೆದ್ದ ಮೂರೂ ತಂಡಗಳಲ್ಲಿ ಕೋಚ್ ಹೊಸಬರು. ಒಬ್ಬರು ಎದುರಾಳಿಯ ಮನೆಯಿಂದ, ಒಬ್ಬರು ಬೇರೆ ಊರಿನಿಂದ, ಒಬ್ಬರು ಅದೇ ಮನೆಯ ಒಳಗಿನಿಂದ.

ಇದನ್ನ ನೋಡಿ, "ಕೋಚ್ ಬದಲಾಯಿಸಿದ್ರೆ ಕಪ್ ಬರುತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅದಕ್ಕೆ ಫ್ಲೋರಿಡಾ ವಿಶ್ವವಿದ್ಯಾಲಯವನ್ನ ನೋಡಿ. ಹೆಸರು ಹತ್ತಿರ ಇದೆ, ಆದರೆ ಫ್ಲೋರಿಡಾ ಸ್ಟೇಟ್ ಬೇರೆ, ಇದು ಬೇರೆ. ಅಲ್ಲಿ 1995ರಲ್ಲಿ ತಂಡ ಕಟ್ಟಿದವರು ಬೆಕಿ ಬರ್ಲಿ. ನಾಲ್ಕನೇ ಸೀಸನ್‌ನಲ್ಲೇ, 1998ರಲ್ಲಿ, ನಾರ್ತ್ ಕೆರೊಲಿನಾವನ್ನ 1-0ರಿಂದ ಸೋಲಿಸಿ ಕಪ್ ಗೆದ್ದರು. ಈ ಪ್ರಶಸ್ತಿ ಗೆದ್ದ ಮೊದಲ ಮಹಿಳಾ ಕೋಚ್ ಅವರೇ. 2021ರಲ್ಲಿ ನಿವೃತ್ತರಾದರು. ಆಮೇಲೆ ಬಂದ ಕೋಚ್ ಎಷ್ಟು ದಿನ ಇದ್ದರು? ಒಂದೇ ಸೀಸನ್. ಆಟಗಾರ್ತಿಯರಿಗೂ ಅವರಿಗೂ ಹೊಂದಾಣಿಕೆ ಆಗಲಿಲ್ಲ ಅಂತ 2022ರಲ್ಲಿ ವಿಶ್ವವಿದ್ಯಾಲಯವೇ ಅವರನ್ನ ಕೆಳಗಿಳಿಸಿತು. 26 ವರ್ಷ ಒಬ್ಬರು, ಮುಂದಿನವರು ಒಂದೇ ವರ್ಷ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲ ಪಾಠಗಳಲ್ಲೇ ಒಂದು ಮಾತು ಹೇಳಿಕೊಡ್ತಾರೆ. ಒಂದೇ ಒಂದು ಭಾಗ ಕೆಟ್ಟರೆ ಇಡೀ ಯಂತ್ರ ನಿಲ್ಲುತ್ತೆ ಅಂದ್ರೆ, ತಪ್ಪು ಆ ಭಾಗದ್ದಲ್ಲ, ಯಂತ್ರ ವಿನ್ಯಾಸ ಮಾಡಿದವನದು. ತಂಡಕ್ಕೂ ಅದೇ ಮಾತು. ನಾರ್ತ್ ಕೆರೊಲಿನಾದಲ್ಲಿ ಡೊರಾನ್ಸ್ ಹೋದಾಗ ಅಭ್ಯಾಸದ ಕ್ರಮ ಗೊತ್ತಿದ್ದವರು, ಹುಡುಗಿಯರ ಹೆಸರು, ಗಾಯ, ಸ್ವಭಾವ ಎಲ್ಲ ಗೊತ್ತಿದ್ದವರು ಮೈದಾನದಲ್ಲೇ ಇದ್ದರು. ಅದು ಅದೃಷ್ಟ ಅಲ್ಲ. ಎರಡನೇ ಸಾಲನ್ನ ಬೆಳೆಸಿದ್ದರ ಫಲ.

ಒಬ್ಬರ ಕೈಯಲ್ಲೇ ದಶಕಗಟ್ಟಲೆ ಅಧಿಕಾರ ಇದ್ದಾಗ ಇನ್ನೊಂದು ಮುಖವೂ ಇರುತ್ತೆ. ಅದನ್ನ ಮುಚ್ಚಿಡಬಾರದು. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡೊರಾನ್ಸ್ ಮೇಲೆ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದ್ದರು. ಅವರು ಆರೋಪ ಒಪ್ಪಲಿಲ್ಲ. 2004ರಲ್ಲಿ ಒಂದು, 2008ರಲ್ಲಿ ಇನ್ನೊಂದು, ಎರಡೂ ರಾಜಿಯಲ್ಲಿ ಮುಗಿದವು. ಹತ್ತು ವರ್ಷ ಬೇಕಾಯ್ತು. ಯಾರನ್ನ ಆಡಿಸಬೇಕು, ಯಾರನ್ನ ಬೆಂಚಿನ ಮೇಲೆ ಕೂರಿಸಬೇಕು ಅಂತ ತೀರ್ಮಾನ ಮಾಡೋರ ಮೇಲೆ ದೂರು ಕೊಡೋದು 18 ವರ್ಷದ ಹುಡುಗಿಗೆ ಸುಲಭದ ಮಾತಾ? ಯೋಚನೆ ಮಾಡಿ.

ಈಗ ನಿಜವಾದ ಪ್ರಶ್ನೆಗೆ ಬರ್ತೀನಿ. ಕೋಚ್ ಬದಲಾದಾಗ ಸುದ್ದಿ ಆಗೋದು ಹೋದವರು, ಬಂದವರು. ಅಲ್ಲೇ ಉಳಿದ ಹುಡುಗಿಯರ ಕಥೆ ಏನು?

ಅಲ್ಲಿನ ನಿಯಮ ಕೇಳಿ. ಹುಡುಗಿ ಹತ್ತನೇ ತರಗತಿ ಮುಗಿಸಿದ ಮೇಲೆ, ಜೂನ್ 15ರಿಂದ, ಕಾಲೇಜು ಕೋಚ್‌ಗಳು ಅವಳಿಗೆ ನೇರವಾಗಿ ಫೋನ್ ಮಾಡಬಹುದು. ಎರಡು ವರ್ಷ ಮಾತುಕತೆ. ಕೋಚ್ ಮನೆಗೆ ಬರ್ತಾರೆ, ಅಪ್ಪ ಅಮ್ಮನ ಜೊತೆ ಕೂತು ಮಾತಾಡ್ತಾರೆ, "ನಿಮ್ಮ ಮಗಳನ್ನ ನಾನು ನೋಡ್ಕೋತೀನಿ" ಅಂತಾರೆ. ಆ ಕುಟುಂಬ ನಂಬೋದು ಆ ಮನುಷ್ಯರನ್ನ. ಆದರೆ ಸಹಿ ಬೀಳೋದು ಎಲ್ಲಿ? ಬಹಳ ವರ್ಷ ಬಳಕೆಯಲ್ಲಿದ್ದ ಒಪ್ಪಂದ ಪತ್ರದಲ್ಲಿ ಸ್ಪಷ್ಟವಾಗಿತ್ತು: ನೀವು ಸೇರುತ್ತಿರುವುದು ಸಂಸ್ಥೆಗೆ, ಕೋಚ್‌ಗಲ್ಲ. ಕೋಚ್ ನಾಳೆಯೇ ಬೇರೆಡೆ ಹೋದರೂ ಸಹಿ ಸಹಿಯೇ. ಆ ಪತ್ರವನ್ನ 2024ರಲ್ಲಿ ಕೈಬಿಟ್ಟರು.

2018ರವರೆಗೆ ಬೇರೆ ಕಾಲೇಜಿನವರ ಜೊತೆ ಮಾತಾಡೋಕೂ ಇದ್ದ ಕಾಲೇಜಿನ ಅನುಮತಿ ಬೇಕಿತ್ತು. ಕೋಚ್ ಮಾತ್ರ ಹೆಚ್ಚು ಸಂಬಳ ಸಿಕ್ಕ ಕಡೆ ಹೋಗಬಹುದಿತ್ತು! ಆ ವರ್ಷ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. ಈಗ ಹುಡುಗಿ ಅನುಮತಿ ಕೇಳಬೇಕಿಲ್ಲ, ತಿಳಿಸಿದರೆ ಸಾಕು. ಮುಖ್ಯ ಕೋಚ್ ಹೋದರೆ ಆ ತಂಡದವರಿಗೆ ಅಂತಲೇ 30 ದಿನದ ಕಿಟಕಿ ತೆರೆಯುವ ನಿಯಮವೂ ಬಂತು. ಇದು ನ್ಯಾಯ. ಕೋಚ್‌ಗೆ ಇರೋ ಸ್ವಾತಂತ್ರ್ಯ ಆಟಗಾರ್ತಿಗೂ ಇರಬೇಕು.

ಆದರೆ ಒಂದು ಮಾತು. ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಹೊರಗೆ ಜಾಗ ಇದೆ ಅಂತಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ದೊಡ್ಡ ರಾಜಿಯ ನಂತರ, ಅದರಡಿ ಬರುವ ಕಾಲೇಜುಗಳ ಮಹಿಳಾ ಸಾಕರ್ ತಂಡದಲ್ಲಿ ಗರಿಷ್ಠ 28 ಜನ. ವಿದ್ಯಾರ್ಥಿವೇತನಕ್ಕೆ ಮೊದಲಿದ್ದ 14ರ ಮಿತಿ ಹೋಯ್ತು, ನಿಜ. ಆದರೆ ಹೊಸ ಕೋಚ್ ಬಂದು ತಮಗೆ ಬೇಕಾದವರನ್ನ ಕರೆತಂದರೆ, 28ರ ಪಟ್ಟಿಯಿಂದ ಯಾರದೋ ಹೆಸರು ಅಳಿಸಲೇಬೇಕು. ಆ ಹೆಸರಿಗೆ ಪರೀಕ್ಷೆ ಇರುತ್ತೆ, ಹಾಸ್ಟೆಲ್ ಇರುತ್ತೆ, ಅರ್ಧ ಮುಗಿದ ಪದವಿ ಇರುತ್ತೆ.

ಇನ್ನೊಂದು ವಿಚಿತ್ರ. 1972ರಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 'ಟೈಟಲ್ ನೈನ್' ಕಾನೂನು ಬಂದಾಗ ಅಮೆರಿಕದ ಕಾಲೇಜು ಮಹಿಳಾ ತಂಡಗಳಿಗೆ ಶೇ 90ಕ್ಕೂ ಹೆಚ್ಚು ಕೋಚ್‌ಗಳು ಹೆಂಗಸರೇ. ಕಾನೂನಿನಿಂದ ತಂಡಗಳು ಹೆಚ್ಚಾದವು, ಹಣ ಬಂತು, ಸಂಬಳ ಬಂತು. ಸಂಬಳದ ಹಿಂದೆಯೇ ಗಂಡಸರೂ ಬಂದರು. ಈಗ ಮಹಿಳಾ ತಂಡಗಳಲ್ಲಿ ಮಹಿಳಾ ಮುಖ್ಯ ಕೋಚ್‌ಗಳು ಅರ್ಧಕ್ಕಿಂತ ಕಡಿಮೆ. ಅಂದ್ರೆ ಪ್ರತಿ ಸಲ ಒಂದು ಕುರ್ಚಿ ಖಾಲಿಯಾದಾಗ, ಅದರ ಹಿಂದೆ ಈ ಪ್ರಶ್ನೆಯೂ ನಿಂತಿರುತ್ತೆ. ಬರ್ಲಿ, ಕ್ರಾಮ್‌ವೆಲ್, ಆಯೊಜಾಸಾ ಮೂವರೂ ಕಪ್ ಗೆದ್ದು ತೋರಿಸಿದ್ದಾರೆ. ಸಾಮರ್ಥ್ಯದ ಅನುಮಾನ ಇನ್ನು ಯಾರೂ ಎತ್ತೋ ಹಾಗಿಲ್ಲ. ಇನ್ನು ಉಳಿದಿರೋದು ಅವಕಾಶ ಕೊಡೋರ ಮನಸ್ಸು.

ಹಾಗಾಗಿ, ಅಲ್ಲಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಕೋಚ್ ನಿಮ್ಮ ಮನೆಗೆ ಬಂದಾಗ ಕಾಫಿ ಕೊಡಿ, ಮರ್ಯಾದೆ ಕೊಡಿ. ಆಮೇಲೆ ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿ. ನಿಮ್ಮ ಒಪ್ಪಂದ ಎಷ್ಟು ವರ್ಷದ್ದು? ನೀವು ಹೋದರೆ ನನ್ನ ಮಗಳ ವಿದ್ಯಾರ್ಥಿವೇತನದ ಗತಿ ಏನು? ನಿಮ್ಮ ಮೇಲೇ ದೂರು ಇದ್ದರೆ ಅವಳು ಹೋಗಬೇಕಾದ್ದು ಯಾರ ಹತ್ತಿರ? ಉತ್ತರ ಬಾಯಲ್ಲಿ ಬಂದರೆ ಸಾಲದು, ಕಾಗದದಲ್ಲಿ ಬರಲಿ.

ಮಗಳಿಗೂ ಒಂದು ಮಾತು ಹೇಳಿ. ಕೋಚ್ ಇಲ್ಲದಿದ್ದರೂ ನಾಲ್ಕು ವರ್ಷ ಓದಬಲ್ಲೆ ಅನ್ನಿಸುವ ಕಾಲೇಜನ್ನೇ ಆರಿಸು ಅಂತ. ಯಾಕಂದ್ರೆ ಕೋಚ್ ಬರ್ತಾರೆ, ಹೋಗ್ತಾರೆ. ಪದವಿ ಪತ್ರದ ಮೇಲೆ ಇರೋದು ಅವಳ ಹೆಸರು.

ಯೋಚನೆ ಮಾಡಿ.