ಬಡಿಗೆಗೂ ಒಂದು ಅಳತೆ ಇದೆ

ನವಲಗುಂದ ಸೀಮೆಯ ಮೊರಬದ ಎರೆ ಹೊಲಗಳಲ್ಲಿ ಮಳೆ ಹಿಡಿಯಿತೆಂದರೆ ಗಟ್ಟಿ ಕಾಲಿನವರೇ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಕಾಲು ಭಾರವಾಗುತ್ತದೆ. ಇದೇ ಸೀಮೆಯಲ್ಲಿ ಲಕ್ವ ಹೊಡೆದು ಒಂದು ಮಗ್ಗಲು ಸೋತವರು, ಮೊಣಕಾಲು ಸವೆದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ದಿನ ಬೆಳಗಾದರೆ ಬಚ್ಚಲಿಗೆ, ಹಿತ್ತಲಿಗೆ, ಮನೆ ಮುಂದಿನ ಕಟ್ಟೆಗೆ ಹೋಗಿಬರಬೇಕು. ಗುಳಿಗೆ ಬರೆದುಕೊಡುವವರು ಸಿಗುತ್ತಾರೆ. ಬಚ್ಚಲಿಗೆ ಹೋಗುವುದು ಹೇಗೆಂದು ಹೇಳಿಕೊಡುವವರು ಕಡಿಮೆ.

ಬಡಿಗೆಯನ್ನೇ ನೋಡಿ. ಮೂಲೆಯಲ್ಲಿದ್ದ ಅಜ್ಜನ ಬಡಿಗೆಯನ್ನು ಅಜ್ಜಿಯ ಕೈಗೆ ಕೊಡುವುದು ಮನೆಮನೆಯ ರೂಢಿ. ಅಜ್ಜ ಎತ್ತರದ ಆಳಾಗಿದ್ದರೆ ಅಜ್ಜಿಯ ಹೆಗಲು ಮೇಲೆದ್ದು, ಮೊಣಕಾಲ ನೋವಿನ ಜೊತೆಗೆ ಕುತ್ತಿಗೆ ನೋವೂ ಸೇರಿಕೊಳ್ಳುತ್ತದೆ. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ, ಬಡಿಗೆಯ ಹಿಡಿಕೆ ಅಲ್ಲಿಗೆ ಬರಬೇಕು. ಎಡ ಮೊಣಕಾಲು ನೋಯುತ್ತಿದ್ದರೆ ಬಡಿಗೆ ಬಲಗೈಯಲ್ಲಿರಬೇಕು; ಎಡಗಾಲು ಎತ್ತಿಡುವಾಗ ಬಡಿಗೆಯೂ ಅದರ ಜೊತೆಗೇ ಮುಂದೆ ಹೋಗಬೇಕು. ಬಹಳ ಮಂದಿ ಇದನ್ನು ತಿರುವುಮುರುವು ಮಾಡಿಕೊಂಡು ನೋವಿನ ಕಾಲಿನ ಮೇಲೇ ಭಾರ ಹಾಕುತ್ತಾರೆ. ತುದಿಯ ರಬ್ಬರ್ ಬಿಲ್ಲೆ ಸವೆದು ನುಣುಪಾಯಿತೆಂದರೆ ತೊಯ್ದ ಬಚ್ಚಲಗಲ್ಲಿನ ಮೇಲೆ ಅದೇ ಮನುಷ್ಯನನ್ನು ಕೆಡವುತ್ತದೆ.

ಇನ್ನು ಮನೆ. ಹಳೆಯ ಮಾಳಿಗೆ ಮನೆಗಳ ಕಟ್ಟೆ ಎತ್ತರ, ಹೊಸ್ತಿಲೂ ಎತ್ತರ. ಗಾಲಿಕುರ್ಚಿ ಏರಲು 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. 2 ಅಡಿಯ ಕಟ್ಟೆಗೆ 24 ಅಡಿ! ಊರೊಳಗಿನ ಓಣಿಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಂಥಲ್ಲಿ ನಡೆಯಬಲ್ಲವರಿಗೆ ಗೌಂಡಿ ಮಾಡಿಕೊಡುವ ಗಿಡ್ಡ ಮೆಟ್ಟಿಲು, ವೆಲ್ಡಿಂಗ್ ಅಂಗಡಿಯವನು ಗೋಡೆಗೆ ಕೂರಿಸುವ ಕಬ್ಬಿಣದ ಹಿಡಿಕೆ ಹೆಚ್ಚು ಉಪಕಾರಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕುಕ್ಕರಗಾಲಲ್ಲಿ ಕೂರಲಾಗದವರಿಗೆ, ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಈಗಿರುವ ಪಾಯಖಾನೆಯ ಮೇಲೇ ಇಡಬಹುದು. ಬೆರಳು ಬಿಗಿದವರ ಚಮಚಕ್ಕೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಹಿಡಿತ ಸಿಗುತ್ತದೆ.

ಕೊಳ್ಳುವ ಶಕ್ತಿ ಇಲ್ಲದವರು ಎಲ್ಲಿ ಕೇಳಬೇಕು? ಮೊದಲು ಗ್ರಾಮ ಪಂಚಾಯಿತಿಯಲ್ಲಿ. ಕರ್ನಾಟಕದ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ. ತಾವೇ ಅಂಗವಿಕಲರಾಗಿರುವ ಇವರಿಗೆ ಅರ್ಜಿ, ಶಿಬಿರ, ಕಾರ್ಡುಗಳ ದಾರಿ ಗೊತ್ತಿರುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಅದಕ್ಕೆ ಶೇ. 40ರಷ್ಟಾದರೂ ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯೂ ಅದರಲ್ಲಿದೆ. ಅಂಗವೈಕಲ್ಯವೆಂದರೆ ಕೈಕಾಲು ಕಳೆದುಕೊಂಡವರ ಮಾತು ಎಂದು ತಿಳಿದು ಎಷ್ಟೋ ಮನೆಗಳವರು ಅರ್ಜಿಯನ್ನೇ ಹಾಕುವುದಿಲ್ಲ. 60 ದಾಟಿದ ಬಡವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬೇರೆ. ಅದರಡಿ ಬಡಿಗೆ, ವಾಕರ್, ಶ್ರವಣಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು, ಗಾಲಿಕುರ್ಚಿಗಳನ್ನು ಕಾನ್ಪುರದ ಸರ್ಕಾರಿ ಕಾರ್ಖಾನೆ ಅಲಿಮ್ಕೊ ಶಿಬಿರಗಳಲ್ಲಿ ಪುಕ್ಕಟೆ ಕೊಡುತ್ತದೆ. ಶಿಬಿರದಲ್ಲಿ ಅಳತೆ ತೆಗೆಯುವ ದಿನ ಸಾಧನ ಬಳಸುವವರೇ ಖುದ್ದು ಹೋಗಬೇಕು. ಮನೆಯ ಬಾಗಿಲಿನ ಅಗಲವನ್ನೂ ಅಳೆದು ಬರೆದುಕೊಂಡು ಹೋದರೆ, ಕುರ್ಚಿ ಬಂದ ಮೇಲೆ ಅದು ಬಾಗಿಲಲ್ಲಿ ಸಿಕ್ಕಿಕೊಳ್ಳುವ ಫಜೀತಿ ತಪ್ಪುತ್ತದೆ.

ಕಾಲು ಕಳೆದುಕೊಂಡವರಿಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಆವರಣದ ಮಹಾವೀರ ಲಿಂಬ್ ಸೆಂಟರ್ ಹತ್ತಿರದ ಆಸರೆ. ಅಲ್ಲಿ ಹಾಕುವ ಜೈಪುರ ಕಾಲನ್ನು 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ.ಕೆ. ಸೇಠಿ ಜೈಪುರದಲ್ಲಿ ರೂಪಿಸಿದರು. ಬೂಟಿಲ್ಲದೆ ನಡೆಯುವ, ನೆಲದ ಮೇಲೆ ಕೂರುವ, ಕೆಸರು ತುಳಿಯುವ ಜನರನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಿದ ರಬ್ಬರ್ ಪಾದ ಅದು. ಎರೆ ಸೀಮೆಯ ರೈತನಿಗೆ ಬೇಕಾದದ್ದು ಇಂಥ ಯೋಚನೆಯಿಂದ ಹುಟ್ಟಿದ ಸಾಧನ. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಸಣ್ಣ ಮುಂಗಾಲಿಯ ಗಾಲಿಕುರ್ಚಿ ಆಷಾಢದ ಕೆಸರಿನಲ್ಲಿ ಮೊದಲ ಸುತ್ತಿಗೇ ಹೂತು ನಿಲ್ಲುತ್ತದೆ.

ಇಂಥ ಸಾಧನಗಳು ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು, ಅವರಲ್ಲಿ ಸುಮಾರು 100 ಕೋಟಿ ಜನರ ಕೈಗೆ ಅವು ಎಟುಕಿಲ್ಲ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ವರದಿ ಹೇಳಿತು.

ಸಾಧನ ಬಂದರೂ ಎತ್ತಿ ಕೂರಿಸುವ, ಮಗ್ಗಲು ಹೊರಳಿಸುವ, ಸಕ್ಕರೆ ಕಾಯಿಲೆಯವರ ಅಂಗಾಲನ್ನು ದಿನವೂ ತಿರುವಿ ಗಾಯ ನೋಡುವ ಕೆಲಸ ಮನೆಯವರಿಗೆ, ಹೆಚ್ಚಾಗಿ ಸೊಸೆಗೆ ಇಲ್ಲವೇ ಮಗಳಿಗೆ, ಇದ್ದೇ ಇರುತ್ತದೆ. ಆಕೆಯ ಸೊಂಟ ಹಿಡಿದುಕೊಂಡರೆ, ನಿದ್ದೆ ಕೆಟ್ಟರೆ ಕೇಳುವವರಿರುವುದಿಲ್ಲ. ಹಿರಿಯರ ಯಾವುದೇ ತೊಂದರೆಗೆ 14567, ಮನಸ್ಸು ಸೋತು ಯಾರೊಡನಾದರೂ ಮಾತಾಡಬೇಕೆನ್ನಿಸಿದರೆ ಟೆಲಿ ಮಾನಸ್‌ನ 14416 ಇದೆ. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಸೇವೆ ಮಾಡುವ ಹೆಣ್ಣುಮಗಳೂ ತನ್ನ ಸಲುವಾಗಿಯೇ ಈ ಎರಡನೆಯ ನಂಬರಿಗೆ ಫೋನ್ ಮಾಡಬಹುದು.