ಕೋಣ ಉಳಿಯಿತು, ಜಾತ್ರೆಯೂ ಉಳಿಯಿತು



ಶಿರಸಿಯ ಮಾರಿಕಾಂಬಾ ಜಾತ್ರೆ ಗೊತ್ತಲ್ಲ? ಎರಡು ವರ್ಷಕ್ಕೊಮ್ಮೆ ಆಗೋದು. ದೇವಿಗೆ ಕಲ್ಯಾಣ, ಆಮೇಲೆ ರಥವೇರಿ ಬಿಡಕಿಬೈಲಿಗೆ ಬರ್ತಾಳೆ. ಉಡಿ ತುಂಬೋಕೆ ಹುಬ್ಬಳ್ಳಿ, ಹಾವೇರಿ ಕಡೆಯಿಂದಲೂ ಜನ ಬರ್ತಾರೆ. ಇದೇ ಜಾತ್ರೆಯಲ್ಲಿ ಒಂದು ಕಾಲಕ್ಕೆ ಕೋಣ ಕಡಿಯುತ್ತಿದ್ದರು.

ಅದನ್ನು ನಿಲ್ಲಿಸಿದ್ದು ಯಾರು? ಪೊಲೀಸರಲ್ಲ. ಬ್ರಿಟಿಷ್ ಕಲೆಕ್ಟರ್ ಅಲ್ಲ. 1934ರಲ್ಲಿ ಹರಿಜನ ಯಾತ್ರೆಯ ವೇಳೆ ಗಾಂಧೀಜಿ ಶಿರಸಿಗೆ ಬಂದರು. ಅವರ ಪ್ರಭಾವವಿತ್ತು. ಜೊತೆಗೆ ಊರಿನ ಸುಧಾರಕರು ಪಟ್ಟು ಹಿಡಿದರು. ಆ ದಶಕದಲ್ಲೇ ಕೋಣನ ಬಲಿ ನಿಂತಿತು. ಆಗಲೂ ಹೆದರಿಸುವವರು ಇದ್ದೇ ಇರುತ್ತಾರೆ, 'ಅಮ್ಮ ಮುನೀತಾಳೆ' ಅಂತ. ಅಮ್ಮ ಮುನಿಯಲಿಲ್ಲ. ತೊಂಬತ್ತು ವರ್ಷ ಆಯ್ತು. ಕೋಣ ಉಳಿಯಿತು, ಜಾತ್ರೆಯೂ ಉಳಿಯಿತು.

ಇದನ್ನು ಯಾಕೆ ಹೇಳ್ತಾ ಇದ್ದೀನಿ? ಧರ್ಮ ಅಂದ್ರೆ ಅಲ್ಲಾಡದ ಬಂಡೆ ಅಂತ ಕೆಲವರು ಹೇಳ್ತಾರೆ. ಧರ್ಮ ಇರೋದೇ ಜಗಳಕ್ಕೆ ಅಂತ ಇನ್ನು ಕೆಲವರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕು ಸುತ್ತಿ ಬನ್ನಿ. ಎರಡೂ ಮಾತು ನಿಲ್ಲೋದಿಲ್ಲ.

ಶಿರಸಿ ಹತ್ತಿರದ ಸೋಂದಾ ನೋಡಿ. ವಾದಿರಾಜರ ವೃಂದಾವನ ಅಲ್ಲಿದೆ, ಅದು ದ್ವೈತ. ಸ್ವರ್ಣವಲ್ಲಿ ಮಠ ಅಲ್ಲಿದೆ, ಅದು ಅದ್ವೈತ. ಜೈನ ಮಠವೂ ಅಲ್ಲೇ. ತತ್ತ್ವದಲ್ಲಿ ಒಬ್ಬರಿಗೊಬ್ಬರು ಒಪ್ಪಲ್ಲ, ಆದರೆ ಒಂದೇ ಊರಿನ ನೀರು ಕುಡಿದಿದ್ದಾರೆ. ಇವತ್ತು ಬೇಡ್ತಿ–ವರದಾ ನದಿ ಜೋಡಣೆ ಬೇಡ ಅನ್ನೋ ಹೋರಾಟದ ಮುಂದೆ ಸ್ವರ್ಣವಲ್ಲಿ ಸ್ವಾಮೀಜಿ ಇದ್ದಾರೆ. ಮಠ ಕರೆದರೆ ತೋಟದವರು ಬರ್ತಾರೆ. ತೋಟದವರು ಬಂದರೆ ಸರ್ಕಾರ ಕಿವಿಗೊಡಲೇಬೇಕು. ಇಲ್ಲಿ ಧರ್ಮ ರಾಜಕೀಯದ ಹೊರಗೆ ಯಾವತ್ತೂ ಇರಲಿಲ್ಲ.

ಸಿದ್ದಾಪುರಕ್ಕೆ ಬನ್ನಿ. 1932ರ ಕರನಿರಾಕರಣೆ. ಕಂದಾಯ ಕೊಡಲ್ಲ ಅಂದವರ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಹೋಗಿ ಕುಳಿತರು, ಉಪವಾಸ ಕುಳಿತರು. ಏಕಾದಶಿಗೆ, ಸೋಮವಾರಕ್ಕೆ ಮನೆಯೊಳಗೆ ಮಾಡುತ್ತಿದ್ದ ಉಪವಾಸವನ್ನೇ ಅವರು ಬೀದಿಗೆ ತಂದರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ. ಜೋಗ ನೋಡಲು ಹೋಗುವವರು ಎಷ್ಟು ಜನ ಅಲ್ಲಿ ಗಾಡಿ ನಿಲ್ಲಿಸುತ್ತೀರಿ?

ಇನ್ನು ಯಲ್ಲಾಪುರ. ಅಲ್ಲಿ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಿಂದೂ ಇದ್ದಾರೆ, ಮುಸ್ಲಿಂ ಇದ್ದಾರೆ, ಕ್ರಿಶ್ಚಿಯನ್ ಇದ್ದಾರೆ. ಆದರೂ ಕೇಳಿದರೆ ಮೊದಲು ಹೇಳೋದು 'ನಾವು ಸಿದ್ದಿಗಳು' ಅಂತ. 2003ರಲ್ಲಿ ಕೇಂದ್ರ ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಧರ್ಮ ಯಾವುದು ಅಂತ ಕೇಳ್ತಾರೆ. ಪಂಗಡದ ಪಟ್ಟಿಯಲ್ಲಿ ಕೇಳಲ್ಲ. ಹಾಗಾಗಿ ಮೂರೂ ಧರ್ಮದ ಸಿದ್ದಿಗಳು ಒಂದೇ ಪಟ್ಟಿಯಲ್ಲಿ ಉಳಿದರು. ಕಾನೂನಿನ ಒಂದು ಸಾಲು ಒಂದು ಸಮುದಾಯವನ್ನು ಒಡೆಯಬಹುದು, ಒಟ್ಟಿಗೂ ಇಡಬಹುದು.

ಇಂಥ ನೆಲದಲ್ಲೂ ಬೆಂಕಿ ಬಿತ್ತು. 2017ರ ಡಿಸೆಂಬರ್. ಹೊನ್ನಾವರದಲ್ಲಿ ಗಲಾಟೆ ನಡೆದ ಮೇಲೆ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಕೊಂದರು ಅಂದರು, ಚಿತ್ರಹಿಂಸೆ ಕೊಟ್ಟರು ಅಂದರು. ಸುದ್ದಿ ಘಟ್ಟ ಹತ್ತಿತು. ಶಿರಸಿಯಲ್ಲಿ ಬಂದ್, ಕಲ್ಲು ತೂರಾಟ, ಲಾಠಿ. ಐದು ತಿಂಗಳಿಗೆ ವಿಧಾನಸಭೆ ಚುನಾವಣೆ! ಕೇಸು ಸಿಬಿಐಗೆ ಹೋಯಿತು. 2022ರಲ್ಲಿ ಸಿಬಿಐ ಕೋರ್ಟಿಗೆ ವರದಿ ಕೊಟ್ಟಿತು: ಕೊಲೆ ಅಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು. ಆ ವರದಿಯನ್ನೂ ಒಪ್ಪದವರು ಇದ್ದಾರೆ. ಕೋರ್ಟಿದೆ, ಕೇಳಲಿ. ಅದು ಅವರ ಹಕ್ಕು.

ಆದರೆ ಐದು ವರ್ಷದ ತನಿಖೆ ಹೇಳಬೇಕಾದ್ದನ್ನು ಬೀದಿ ಐದು ದಿನದಲ್ಲಿ ತೀರ್ಮಾನ ಮಾಡಿತ್ತು. ಮಗನನ್ನು ಕಳೆದುಕೊಂಡ ಮನೆಗೆ ಅದರಿಂದ ಏನು ಸಿಕ್ಕಿತು? ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆದ ಹುಡುಗರಿಗೆ ಏನು ಸಿಕ್ಕಿತು? ಕಲ್ಲೇಟು ತಿಂದ ಅಂಗಡಿಯವನಿಗೆ?

ನಮ್ಮ ಬಗ್ಗೆಯೂ ಹೇಳಿಕೊಳ್ಳಬೇಕು, ಟಿವಿಯವರ ಬಗ್ಗೆ. ಇಂಥ ಹೊತ್ತಿನಲ್ಲಿ ನಾವು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ತೀರ್ಪು ಕೊಡ್ತೀವಿ. 'ಕೊಲೆಯೇ?' ಅಂತ ಬರೀತೀವಿ. ನೀವು ಓದೋದು 'ಕೊಲೆ' ಅಂತ. ಇದು ನಮಗೂ ಗೊತ್ತಿರುತ್ತೆ. ವರದಿ ಬಂದ ದಿನ ಅಷ್ಟೇ ದಪ್ಪ ಅಕ್ಷರದಲ್ಲಿ, ಅಷ್ಟೇ ಹೊತ್ತು ತೋರಿಸಲ್ಲ. ಈ ಪಾಪದಲ್ಲಿ ನನಗೂ ಪಾಲಿದೆ.

ಧರ್ಮ ಬೇಡ ಅಂತ ನಾನು ಹೇಳ್ತಿಲ್ಲ. ಈ ಮೂರು ತಾಲೂಕಿನಿಂದ ಧರ್ಮ ತೆಗೆದರೆ ಜಾತ್ರೆ ಇಲ್ಲ, ಯಕ್ಷಗಾನ ಇಲ್ಲ, ಆ ಹೆಂಗಸರ ಉಪವಾಸವೂ ಇಲ್ಲ. ನಾನು ಕೇಳ್ತಿರೋದು ಒಂದೇ. ದೇವಿಯ ಹೆಸರಿನ ಬಲಿಯನ್ನೇ ನಿಲ್ಲಿಸೋ ಧೈರ್ಯ ತೋರಿದ ಊರು, ವದಂತಿಯ ಹೆಸರಿನ ಬಲಿಯನ್ನು ನಿಲ್ಲಿಸಲಾರದೇ?

ಮುಂದಿನ ಸಲ ಬಿಡಕಿಬೈಲಿನಲ್ಲಿ ಉಡಿ ತುಂಬಲು ಸಾಲಲ್ಲಿ ನಿಂತಾಗ, ಮೊಬೈಲಿಗೆ ಏನಾದರೂ ಬಂದರೆ ಮುಂದೆ ಕಳಿಸುವ ಮೊದಲು ಆ ಕೋಣನನ್ನು ಒಮ್ಮೆ ನೆನಪು ಮಾಡಿಕೊಳ್ಳಿ.