ಗುಳೆ ಹೋಗುವವರ ಸಭೆ: ತೀರ್ಮಾನ ಯಾರದು?

ದೀಪಾವಳಿಯ ಆಸುಪಾಸಿನಲ್ಲಿ ಔರಾದ್ ಅಥವಾ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಹಾಸಿಗೆಯ ಸುರುಳಿ, ಜೋಳದ ಹಿಟ್ಟಿನ ಚೀಲ, ಅಡಿಗೆಯ ಪಾತ್ರೆ, ಸೊಂಟದ ಮೇಲೊಂದು ಮಗು, ಹೀಗೆ ಸಂಸಾರವನ್ನೇ ಗಂಟು ಕಟ್ಟಿಕೊಂಡು ಹೊರಟವರು ಅಲ್ಲಿ ಕಾಣಸಿಗುತ್ತಾರೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ, ಕೆಲವರು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ, ಇನ್ನು ಕೆಲವರು ಪುಣೆ, ಮುಂಬೈಗಳಿಗೆ. ನಮ್ಮ ಭಾಗದ ಆಡುಮಾತಿನಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಬೀದರ್ ರಾಜ್ಯದ ಉತ್ತರ ತುದಿಯ ಜಿಲ್ಲೆ. ಎರಡು ನೆರೆರಾಜ್ಯಗಳ ಗಡಿ ಇಲ್ಲಿ ಕೂಡುತ್ತದೆ. ಮಳೆಯನ್ನೇ ನಂಬಿದ ತೊಗರಿ, ಉದ್ದಿನ ಬೆಳೆ ಕೈಕೊಟ್ಟರೆ ಗಡಿ ದಾಟುವುದು ಇಲ್ಲಿಯ ಬಡವರಿಗೆ ಹೊಸದಲ್ಲ.

ಇವರಿಗೆ ಹಕ್ಕುಗಳಿಲ್ಲವೆ? ಇವೆ. ಭಾರತದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ, ನೆಲೆಸುವ, ಉದ್ಯೋಗ ಮಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿಯೇ ಸಂಸತ್ತು ಒಂದು ಕಾಯ್ದೆ ಮಾಡಿತು. ಗುತ್ತಿಗೆದಾರನಿಗೆ ಪರವಾನಗಿ, ಕೂಲಿಕಾರನಿಗೆ ಪಾಸ್‌ಬುಕ್ ಇರಬೇಕೆಂದು ಅದು ವಿಧಿಸಿತು. 2020ರಲ್ಲಿ ಅಂಗೀಕಾರವಾದ ಕಾರ್ಮಿಕ ಸಂಹಿತೆಯೊಂದರಲ್ಲಿ ಆ ಕಾಯ್ದೆಯನ್ನು ಸೇರಿಸಲಾಯಿತು. ಹೋದ ಊರಿನಲ್ಲೂ ಪಡಿತರ ಸಿಗುವ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಆದೇಶಿಸಿತು.

ಆದರೆ ಕಾಗದದ ಮೇಲಿನ ಹಕ್ಕು ಕೈಗೆ ಬರಬೇಕಾದರೆ ಕೂಲಿಕಾರರು ಒಂದುಗೂಡಬೇಕು. ಒಂದುಗೂಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ತೀರ್ಮಾನ ಮಾಡುವವರು ಯಾರು? ಇಂದು ನಾನು ಹೇಳಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು ಕುರಿತು.

ಕಬ್ಬಿನ ಕೆಲಸದ ಲೆಕ್ಕವನ್ನೇ ನೋಡಿ. ಮುಕಾದಮ ಎಂಬ ಮಧ್ಯವರ್ತಿ ಹಂಗಾಮಿಗೆ ಮುಂಚೆಯೇ ಮುಂಗಡ ಹಣ ಕೊಡುತ್ತಾನೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಕರೆಯುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಕತ್ತಿ ಒಂದು, ಲೆಕ್ಕ ಒಂದು, ಮುಂಗಡ ಪಡೆಯುವ ಕೈಯೂ ಸಾಮಾನ್ಯವಾಗಿ ಒಂದೇ, ಅದು ಗಂಡನದು. ನಸುಕಿನಿಂದ ಕಬ್ಬು ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ತುಂಬುವ ಹೆಂಗಸಿನ ಹೆಸರು ಆ ಲೆಕ್ಕದಲ್ಲಿ ಮೂಡುವುದೇ ಇಲ್ಲ. ಇಂಥವರು ನಾಳೆ ಒಂದು ಸಂಘ ಕಟ್ಟಿ, ‘ಒಂದು ಕೊಯ್ತಾಕ್ಕೆ ಒಂದು ಮತ’ ಎಂದು ನಿಯಮ ಮಾಡಿದರೆ ಏನಾಗುತ್ತದೆ? ಮುಕಾದಮನ ಲೆಕ್ಕದ ಪುಸ್ತಕವೇ ಸಂಘದ ನಿಯಮಾವಳಿಯಾಗುತ್ತದೆ. ಆದ್ದರಿಂದ ಇಂಥ ಸಂಘದ ಮೊದಲ ತೀರ್ಮಾನ ಕೂಲಿಯ ದರದ ಬಗ್ಗೆ ಅಲ್ಲ. ಯಾರನ್ನು ಎಣಿಸಬೇಕು ಎಂಬುದರ ಬಗ್ಗೆ. ತಲೆಗೊಂದು ಮತ, ಕತ್ತಿಗೊಂದಲ್ಲ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಬೇರು ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಹೊರಗಿನಿಂದ ಬಂದವರಿಂದ ತುಂಬಿದ ಊರು. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದು ಸೌದೆ ಮಾರಿ ಬದುಕಿದ ಎಂಬುದು ಪರಂಪರೆಯ ಮಾತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಬಡ ದಂಪತಿ; ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕಿಂತ ಹೆಚ್ಚಿನದು ನಮಗೆ ಬೇಡ, ಹಿಂದಿರುಗಿಸಿ ಬಾ ಎಂದು ಲಕ್ಕಮ್ಮ ಹೇಳಿದಳೆಂಬ ಕಥೆ ನಿಮಗೆ ಗೊತ್ತು. ನಾವು ಇದನ್ನು ನಿರಾಸೆಯ ಪಾಠವಾಗಿ ಓದುತ್ತೇವೆ. ಇನ್ನೊಂದು ಪಾಠವೂ ಅದರಲ್ಲಿದೆ: ಹೆಂಡತಿ ಹೇಳಿದಳು, ಗಂಡ ಕೇಳಿದ. ದುಡಿಯುವ ಇಬ್ಬರಿಗೂ ಮಾತಿತ್ತು.

ಇನ್ನು ನಮ್ಮ ಕಾಲದ ಒಂದು ನಿದರ್ಶನಕ್ಕೆ ಮುಂಬೈಗೆ ಹೋಗೋಣ. 1981ರ ಜುಲೈನಲ್ಲಿ ಆ ನಗರದ ಕಾಲುದಾರಿಗಳ ಮೇಲೆ ಗುಡಿಸಲು ಹಾಕಿಕೊಂಡಿದ್ದವರನ್ನು ಅವರವರ ಊರುಗಳಿಗೆ ಸಾಗಹಾಕಲಾಗುವುದೆಂದು ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಘೋಷಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ಜುಲೈನಲ್ಲಿ ಬಂದ ತೀರ್ಪು, ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೇ ಎಂದು ಒಪ್ಪಿತು. ಆದರೆ ಮುನ್ಸೂಚನೆ ಕೊಟ್ಟು, ಮಳೆಗಾಲ ಕಳೆದ ಮೇಲೆ ತೆರವು ಮಾಡಬಹುದೆಂದೂ ಹೇಳಿತು. ಗುಡಿಸಲುಗಳಲ್ಲಿ ಭೀತಿ ಹರಡಿತು. ಆಗ ಅಲ್ಲಿಯ ಜನ ಏನು ಮಾಡಿದರು ಬಲ್ಲಿರಾ? ಸ್ಪಾರ್ಕ್ ಎಂಬ ಸಂಸ್ಥೆಯ ಜತೆಗೂಡಿ ತಮ್ಮನ್ನು ತಾವು ಎಣಿಸಿಕೊಂಡರು. ಸುಮಾರು 6,000 ಕುಟುಂಬಗಳ ಗಣತಿ ನಡೆಯಿತು. ಅದರ ವರದಿಗೆ ಇಟ್ಟ ಹೆಸರಿನ ಅರ್ಥ ‘ಕಣ್ಣಿಗೆ ಕಾಣದವರು ನಾವು’ ಎಂದು. ಮುಂದೆ ಆ ಬೀದಿಗಳ ಹೆಂಗಸರು ‘ಮಹಿಳಾ ಮಿಲನ್’ ಕಟ್ಟಿದರು. ದಿನಕ್ಕಿಷ್ಟು ಎಂದು ಉಳಿತಾಯ ಮಾಡಿದರು. ತಮಗೆ ಎಂಥ ಮನೆ ಬೇಕೆಂಬುದನ್ನು ಎಂಜಿನಿಯರರಿಗೆ ಬಿಡದೆ, ನಿಜವಾದ ಅಳತೆಯ ಮಾದರಿಗಳನ್ನು ನಿಲ್ಲಿಸಿ, ಅದರೊಳಗೆ ಓಡಾಡಿ, ಚರ್ಚಿಸಿ ನಿರ್ಧರಿಸಿದರು. ಓದು ಬಾರದವರಿಗೆ ನಕ್ಷೆ ತಿಳಿಯದಿರಬಹುದು, ಮನೆ ತಿಳಿಯುತ್ತದೆ. ಇವರ ಜತೆ ದುಡಿದ ಜೋಕಿನ್ ಅರ್ಪುದಂ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಮುಂಬೈ ಸೇರಿದವರು. 2000ದಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಇದಕ್ಕೆ ತದ್ವಿರುದ್ಧವಾದುದು ನಮ್ಮ ರಾಜ್ಯದಲ್ಲೇ ನಡೆದಿದೆ. 2020ರ ಮೇ ತಿಂಗಳಿನಲ್ಲಿ, ಕೋವಿಡ್ ದಿಗ್ಬಂಧನದ ನಡುವೆ, ಊರಿಗೆ ಹೊರಟಿದ್ದ ಪರರಾಜ್ಯದ ಕಾರ್ಮಿಕರ ರೈಲುಗಳನ್ನು ಕಟ್ಟಡ ಉದ್ಯಮಿಗಳ ಜತೆಗಿನ ಸಭೆಯ ನಂತರ ರದ್ದುಪಡಿಸಲಾಯಿತು. ದೇಶದ ತುಂಬ ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಯಾರ ಪ್ರಯಾಣವನ್ನು ಕುರಿತು ತೀರ್ಮಾನವಾಯಿತೋ ಅವರ ಮಾತನ್ನು ಯಾರೂ ಮೊದಲು ಕೇಳಲಿಲ್ಲ. ಹೈದರಾಬಾದಿನಲ್ಲಿ ನಮ್ಮವರು ಹೇಗೆ ಹೊರಗಿನವರೋ, ಬೆಂಗಳೂರಿನಲ್ಲಿ ಬಿಹಾರದವರು ಹಾಗೆಯೇ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಗುಳೆ ಹೋಗುವವರ ಸಂಘದಲ್ಲಿ ತೀರ್ಮಾನ ಹೇಗೆ ನಡೆಯಬೇಕು? ಹಂಗಾಮಿಗೆ ಮುಂಚೆ, ಎಲ್ಲರೂ ಊರಲ್ಲಿರುವಾಗ ಸಭೆ ಸೇರಬೇಕು. ಮುಂಗಡ ಎಷ್ಟು, ಕಾಯಿಲೆ ಬಿದ್ದರೆ ಏನು, ಮಕ್ಕಳ ಶಾಲೆಯ ಗತಿ ಏನು ಎಂಬುದನ್ನು ಅಲ್ಲಿಯೇ ಗೊತ್ತುಪಡಿಸಬೇಕು. ಪ್ರತಿ ತಂಡಕ್ಕೂ ಒಬ್ಬ ಪ್ರತಿನಿಧಿ ಇರಬೇಕು. ತಕ್ಷಣ ಯಾವುದನ್ನು ಅವನು ತೀರ್ಮಾನಿಸಬಹುದು, ಯಾವುದನ್ನು ಎಲ್ಲರನ್ನೂ ಕೇಳಿಯೇ ಮಾಡಬೇಕು ಎಂಬ ಗೆರೆ ಇರಬೇಕು. ಹಣದ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಒಪ್ಪದವರ ಮಾತನ್ನೂ ಬರೆದಿಡಬೇಕು. ನಮ್ಮಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಕೇಳಿಬರುತ್ತವೆ. ಠರಾವು ಎಲ್ಲರಿಗೂ ತಿಳಿಯುವ ಮಾತಿನಲ್ಲಿರಬೇಕು. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, ತಿಳಿಯುವ ಭಾಷೆಯ ಬೆಲೆ ಏನೆಂಬುದನ್ನು ನಮಗೆ ತೋರಿಸಿಕೊಟ್ಟಿದ್ದಾರೆ.

ಇದೆಲ್ಲ ನಿಧಾನವಲ್ಲವೆ ಎಂದು ನೀವು ಕೇಳಬಹುದು. ಹೌದು, ನಿಧಾನವೇ. ಮುಕಾದಮ ಒಂದು ನಿಮಿಷದಲ್ಲಿ ನಿರ್ಧರಿಸುತ್ತಾನೆ, ಸಭೆಗೆ ಒಂದು ಸಂಜೆ ಬೇಕು. ಆದರೆ ಆ ಸಂಜೆ ತಾನೂ ಕೈಯೆತ್ತಿದವನು, ಕಷ್ಟ ಬಂದಾಗ ಸುಲಭವಾಗಿ ಗುಂಪು ಬಿಟ್ಟು ಹೋಗುವುದಿಲ್ಲ.

ಕೊನೆಯದಾಗಿ ನಿಮ್ಮ ಪಾಲಿನ ಕೆಲಸ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ, ವಾರ್ಡ್ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಚಳಿಗಾಲದಲ್ಲಿ ನಡೆಯುವ ಸಭೆಗೆ ಗುಳೆ ಹೋದವರು ಬರಲಾರರು. ಮನೆಯ ಪಟ್ಟಿ, ಕೆಲಸದ ಪಟ್ಟಿ ಅವರಿಲ್ಲದೆಯೇ ಸಿದ್ಧವಾಗುತ್ತದೆ. ಮುಂದಿನ ಬಾರಿ ಸಭೆಯ ದಿನ ಗೊತ್ತಾದಾಗ, ನಿಮ್ಮ ಓಣಿಯಿಂದ ಹೊರಗೆ ಹೋದವರಿಗೆ ಒಂದು ಫೋನ್ ಮಾಡಿ. ಏನು ಕೇಳಬೇಕಾಗಿದೆ ಎಂದು ಬರೆದುಕೊಳ್ಳಿ. ಆ ಚೀಟಿಯನ್ನು ಅವರ ಮನೆಯ ಹಿರಿಯರ ಕೈಗೆ ಕೊಟ್ಟು, ಸಭೆಯಲ್ಲಿ ಓದಿಸಿ, ದಾಖಲೆಯಾಗುವಂತೆ ನೋಡಿಕೊಳ್ಳಿ. ಊರಲ್ಲಿ ಇಲ್ಲದವರೂ ಊರಿನವರೇ ಎಂಬುದು ಅಂದು ಪುಸ್ತಕದಲ್ಲಿ ಬರೆದಂತಾಗುತ್ತದೆ.